ಕಪ್ಪೆಗೆ ಕಂಪನಿಯ ದುಡ್ಡು: ಬೆಳಗಾವಿಯ ಕಾರ್ಖಾನೆಯವರಿಗೊಂದು ಮಾರ್ಗದರ್ಶಿ

"ಸರ, ಕಪ್ಪಿಗೆ ರೊಕ್ಕ ಕೊಟ್ರ ಆಡಿಟ್‌ನ್ಯಾಗ ಏನಂತ ಬರ್ಯೂದ್ರಿ?"

ಉದ್ಯಮಬಾಗ, ಮಚ್ಛೆ ಕಡೆಯ ಕಾರ್ಖಾನೆ ಮಾಲೀಕರ ಮುಂದೆ ಈ ವಿಷಯ ತೆಗೆದಾಗಲೆಲ್ಲ ಮೊದಲು ಬರುವ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ. ಶಾಲೆಗೆ ಬೆಂಚು, ಊರಿಗೆ ಕುಡಿಯುವ ನೀರಿನ ಘಟಕ, ಆಸ್ಪತ್ರೆಗೆ ಆಂಬುಲೆನ್ಸ್ ಕೊಟ್ಟರೆ ಯಾರೂ ಹುಬ್ಬೇರಿಸುವುದಿಲ್ಲ, ಕಪ್ಪೆ ಅಂದರೆ ನಗುತ್ತಾರೆ. ಆದರೆ ಸಿಎಸ್‌ಆರ್ ಹಣವನ್ನು, ಅಂದರೆ ಕಂಪನಿಗಳು ಸಾಮಾಜಿಕ ಹೊಣೆಯಾಗಿ ತೆಗೆದಿಡುವ ದುಡ್ಡನ್ನು, ಯಾವುದಕ್ಕೆ ಖರ್ಚು ಮಾಡಬಹುದು ಎಂದು ಪಟ್ಟಿ ಮಾಡುವ 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯ ನಾಲ್ಕನೇ ಅಂಶದಲ್ಲಿ ಪರಿಸರ ಸಮತೋಲನ, ಸಸ್ಯ ಮತ್ತು ಪ್ರಾಣಿಗಳ ರಕ್ಷಣೆ ಎಂದು ಸ್ಪಷ್ಟವಾಗಿಯೇ ಇದೆ. ಆಡಿಟ್‌ನಲ್ಲಿ ಬರೆಯುವುದು ಅದನ್ನೇ. ಹುಲಿ, ಆನೆಗೆ ಎಷ್ಟು ಅರ್ಹತೆಯೋ ಹೆಬ್ಬೆರಳ ಗಾತ್ರದ ನೆಲಗಪ್ಪೆಗೂ ಅಷ್ಟೇ.

ಬೆಳಗಾವಿಯವರಿಗೇ ಇದನ್ನು ಹೇಳುವುದಕ್ಕೆ ಕಾರಣವಿದೆ. ನಮ್ಮ ಜಿಲ್ಲೆಯ ಈಶಾನ್ಯಕ್ಕೆ ಅಥಣಿಯ ಬಯಲು, ನೈಋತ್ಯಕ್ಕೆ ಖಾನಾಪುರದ ಕಾಡು. ಜಾಂಬೋಟಿ ದಾಟಿ ಕಣಕುಂಬಿ, ಚೋರ್ಲಾ ಕಡೆ ಹೋದರೆ ಅದು ಪಶ್ಚಿಮ ಘಟ್ಟವೇ. ಇನ್ನೊಂದು ದಿಕ್ಕಿನಲ್ಲಿ, ಸಾವಂತವಾಡಿ ರಸ್ತೆಯಲ್ಲಿ, ಮಹಾರಾಷ್ಟ್ರದ ಅಂಬೋಲಿ. ಎರಡೂ ಕಾರಿನಲ್ಲಿ ಬೆಳಿಗ್ಗೆ ಹೋಗಿ ಸಂಜೆಗೆ ಬರುವಷ್ಟು ದೂರ. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಉಭಯವಾಸಿಗಳು ಈ ದೂರದೊಳಗಿವೆ. 2023ರಲ್ಲಿ ಪ್ರಕಟವಾದ ಜಾಗತಿಕ ಮೌಲ್ಯಮಾಪನದ ಪ್ರಕಾರ ಉಭಯವಾಸಿ ಪ್ರಭೇದಗಳಲ್ಲಿ ಶೇಕಡಾ 41ರಷ್ಟು ಅಳಿವಿನ ಅಪಾಯದಲ್ಲಿವೆ. ಹಕ್ಕಿಗಳಿಗಿಂತ, ಸಸ್ತನಿಗಳಿಗಿಂತ ಇವುಗಳ ಸ್ಥಿತಿ ಕೆಟ್ಟದ್ದು, ಆದರೂ ದುಡ್ಡು ಹೋಗುವುದು ಅತ್ತಲೇ ಹೆಚ್ಚು.

ಮೊದಲು ಸಿಎ ಹತ್ತಿರ ಕೂರಿ

ನಿಮಗೆ ಕಾನೂನಿನ ಕಟ್ಟುಪಾಡು ಇದೆಯೋ ಇಲ್ಲವೋ ಎಂಬುದು ಮೊದಲು ತಿಳಿಯಬೇಕು. ಅದೇ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ಹಿಂದಿನ ಹಣಕಾಸು ವರ್ಷದಲ್ಲಿ ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ, ನಿವ್ವಳ ಲಾಭ 5 ಕೋಟಿ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ನ್ನು ಸಿಎಸ್‌ಆರ್‌ಗೆ ಖರ್ಚು ಮಾಡಬೇಕು. ಮಿತಿಗಳಿಗೆ ತಿದ್ದುಪಡಿ ಬರುತ್ತಿರುತ್ತದೆ, ಆಯಾ ವರ್ಷದ್ದನ್ನು ಸಿಎ ಕಡೆ ಖಾತ್ರಿ ಮಾಡಿಕೊಳ್ಳಿ.

ನಮ್ಮಲ್ಲಿನ ಎಷ್ಟೋ ಫೌಂಡ್ರಿ, ಮಶೀನ್ ಶಾಪ್‌ಗಳು ಪಾಲುದಾರಿಕೆಯವು ಅಥವಾ ಒಬ್ಬರದೇ ಮಾಲೀಕತ್ವದವು. ಅವಕ್ಕೆ ಈ ಕಲಮು ತಾಗುವುದಿಲ್ಲ. ತಾಗದಿದ್ದರೆ ಕೊಡಬಾರದು ಅಂತೇನಿಲ್ಲ, ದೇಣಿಗೆಯಾಗಿ ಕೊಡಬಹುದು. ಕಾಗದಪತ್ರವೂ ಕಡಿಮೆ. ನಾಲ್ಕೈದು ಸಣ್ಣ ಕಾರ್ಖಾನೆಯವರು ಸೇರಿ ಒಂದೇ ಕೆಲಸಕ್ಕೆ ಹಾಕಿದರೆ ದೊಡ್ಡ ಕಂಪನಿಯ ಒಂದು ಚೆಕ್ಕಿಗಿಂತ ಗಟ್ಟಿ, ಏಕೆಂದರೆ ಒಬ್ಬರು ಹಿಂದೆ ಸರಿದರೂ ಕೆಲಸ ನಿಲ್ಲುವುದಿಲ್ಲ.

ಕಲಮು ತಾಗುವ ಒಂದು ಮಧ್ಯಮ ಕಂಪನಿಯ ಲೆಕ್ಕ ನೋಡೋಣ. ಸರಾಸರಿ ಲಾಭ 6 ಕೋಟಿ ಅಂದರೆ ಸಿಎಸ್‌ಆರ್ ಹೊಣೆ 12 ಲಕ್ಷ. ಹೊಣೆ 50 ಲಕ್ಷ ಮೀರದ ಕಂಪನಿಗೆ ಪ್ರತ್ಯೇಕ ಸಿಎಸ್‌ಆರ್ ಸಮಿತಿ ಬೇಕಿಲ್ಲ, ನಿರ್ದೇಶಕ ಮಂಡಳಿಯೇ ತೀರ್ಮಾನಿಸಬಹುದು. ಆದರೆ ಮುಂದೆ ಹೇಳುವ ಖರ್ಚಾಗದ ಹಣದ ಖಾತೆಯಲ್ಲಿ ಒಂದು ಪೈಸೆ ಉಳಿದರೂ ಸಮಿತಿ ಮಾಡಲೇಬೇಕಾಗುತ್ತದೆ.

ಲೆಕ್ಕಪತ್ರದವರು ಪದೇ ಪದೇ ಎಡವುವ ಒಂದು ಜಾಗವಿದೆ. ಆಡಳಿತ ವೆಚ್ಚ ಶೇಕಡಾ 5 ಮೀರಬಾರದು ಎಂಬ ನಿಯಮವನ್ನು ಹಿಡಿದು, ಕಾಡಿನಲ್ಲಿ ಕೆಲಸ ಮಾಡುವ ಹುಡುಗರ ಸಂಬಳವನ್ನೂ ಅದರೊಳಗೆ ತುರುಕಲು ನೋಡುತ್ತಾರೆ. ಅದು ತಪ್ಪು. ಆ ಶೇಕಡಾ 5 ಎಂಬುದು ಕಂಪನಿ ತನ್ನ ಸಿಎಸ್‌ಆರ್ ಕಾರ್ಯವನ್ನು ನಡೆಸಲು ತನ್ನೊಳಗೆ ಮಾಡುವ ಸಾಮಾನ್ಯ ಆಡಳಿತ ಖರ್ಚು. ಯೋಜನೆಯ ವಿನ್ಯಾಸ, ಜಾರಿ, ಉಸ್ತುವಾರಿ, ಮೌಲ್ಯಮಾಪನಕ್ಕೆ ನೇರವಾಗಿ ಹೋಗುವ ಹಣ ಅದರಲ್ಲಿ ಸೇರದು. ಕಪ್ಪೆ ಸಂರಕ್ಷಣೆ ಎಂದರೆ ಅರ್ಧದಷ್ಟು ಮನುಷ್ಯರ ಸಂಬಳವೇ ಆದ್ದರಿಂದ ಈ ವ್ಯತ್ಯಾಸ ಗೊತ್ತಿಲ್ಲದೆ ಒಳ್ಳೆಯ ಪ್ರಸ್ತಾವಗಳು ಬಿದ್ದುಹೋಗುತ್ತವೆ.

ಯಾವ ಕಪ್ಪೆ, ಯಾವ ಊರು

ಬೆಳಗಾವಿಯ ಕಂಪನಿಗೆ ಎರಡು ದಾರಿ ಎದುರಿಗಿವೆ.

ಒಂದು ಅಂಬೋಲಿ ನೆಲಗಪ್ಪೆ. ಕಪ್ಪೆ ವಿಜ್ಞಾನಿ ಎಸ್.ಡಿ. ಬಿಜು ಮತ್ತು ಸಂಗಡಿಗರು 2009ರಲ್ಲಿ ಕ್ಸಾಂತೊಫ್ರಿನೆ ಟೈಗರಿನಾ ಎಂಬ ಹೆಸರಿನಲ್ಲಿ ವಿಜ್ಞಾನಕ್ಕೆ ಪರಿಚಯಿಸಿದ ಪ್ರಭೇದ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಅತ್ಯಂತ ಗಂಭೀರ ಅಪಾಯದ ವರ್ಗಕ್ಕೆ ಸೇರಿದ್ದು. ಕಂದು ಮೈ, ಪಕ್ಕೆಗಳಲ್ಲಿ ಹುಲಿಪಟ್ಟೆಯಂಥ ಹಳದಿ ಗುರುತು. ಇದು ಮೊಟ್ಟೆಯಿಡುವುದು ಕೆರೆಯಲ್ಲೂ ಅಲ್ಲ, ಹಳ್ಳದಲ್ಲೂ ಅಲ್ಲ. ಮುಂಗಾರು ಕಾಲಿಟ್ಟ ಕೂಡಲೇ ಜಂಬಿಟ್ಟಿಗೆಯ ಹಾಸುಗಲ್ಲಿನ ಮೇಲೆ ನಿಲ್ಲುವ ಮಳೆನೀರಿನಲ್ಲಿ. ಬೆರಳು ಅದ್ದಿದರೆ ಮೊದಲ ಗೆಣ್ಣು ಮುಳುಗೀತು, ಅಷ್ಟೇ ಆಳ. ಅಂಥ ಒಂದು ಗುಂಡಿಯ ಮೇಲೆ ಜೀಪಿನ ಒಂದು ಚಕ್ರ ಹಾದರೆ ಆ ವರ್ಷದ ಅಷ್ಟೂ ಮರಿ ಹೋದಂತೆ. ಮಳೆ ನಡುವೆ ನಾಲ್ಕು ದಿನ ಕೈಕೊಟ್ಟರೂ ಗುಂಡಿ ಒಣಗುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರಲ್ಲೂ ಈ ಜೀವಿ ನೀರಿನ ಕೊರತೆಯಿಂದ ಸಾಯಬಲ್ಲದು ಅನ್ನುವುದು ಮೊದಲ ಸಲ ಕೇಳಿದವರಿಗೆ ನಂಬಿಕೆ ಬರುವುದಿಲ್ಲ.

ಎರಡನೆಯದು ನಮ್ಮ ಜಿಲ್ಲೆಯದೇ, ಖಾನಾಪುರ ತಾಲ್ಲೂಕಿನ ಚೋರ್ಲಾ ಭಾಗದ ಸಿಸಿಲಿಯನ್‌ಗಳು. ಕಾಲಿಲ್ಲದ ಉಭಯವಾಸಿ. ದೊಡ್ಡ ಎರೆಹುಳದಂತೆ ಮೈಮೇಲೆ ಉಂಗುರ, ನೆಲದೊಳಗೆ ವಾಸ. ಗೆಗೆನಿಯೋಫಿಸ್ ಮ್ಹದೇಯೆನ್ಸಿಸ್ ಎಂಬುದನ್ನು 2007ರಲ್ಲಿ, ಮೈಯ ಇಕ್ಕೆಲಗಳಲ್ಲಿ ಹಳದಿ ಪಟ್ಟಿ ಇರುವ ಇಕ್ತಿಯೋಫಿಸ್ ಡೇವಿಡಿ ಎಂಬ ಭಾರಿ ಗಾತ್ರದ್ದನ್ನು 2011ರಲ್ಲಿ ಇಲ್ಲಿಂದಲೇ ವಿವರಿಸಿದರು. ಗದ್ದೆ ಬದುವಿನಲ್ಲೋ ಗೊಬ್ಬರದ ಗುಂಡಿಯ ಪಕ್ಕದಲ್ಲೋ ಹೊರಬಿದ್ದರೆ ಹಾವಿನ ಮರಿ ಎಂದು ಬಡಿದು ಕೊಲ್ಲುವುದೇ ರೂಢಿ. ಮನುಷ್ಯರಿಗೆ ಅಪಾಯವಿಲ್ಲ, ಬೆಳೆಗೆ ಕೆಡುಕಿಲ್ಲ. ಮಣ್ಣಿನ ಹುಳುಹುಪ್ಪಟೆ ತಿಂದು ಬದುಕುತ್ತದೆ.

ಮಂಡಳಿ ಸಭೆಯಲ್ಲಿ ಅಂಬೋಲಿ ಹೆಸರೆತ್ತಿದರೆ "ನಮ್ಮ ದುಡ್ಡು ಮಹಾರಾಷ್ಟ್ರಕ್ಕ ಯಾಕ?" ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಬೆಳಗಾವಿಯಲ್ಲಿ ಇದು ಬರಿ ಲೆಕ್ಕದ ಪ್ರಶ್ನೆ ಅಲ್ಲ. ಕಾಯ್ದೆ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಎನ್ನುತ್ತದೆ, ಆದರೆ ಅದು ಸೂಚನೆಯೇ ಹೊರತು ಹೊರಗೆ ಕೊಡಬಾರದೆಂಬ ನಿಷೇಧವಲ್ಲ ಎಂದು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ ಸ್ಪಷ್ಟಪಡಿಸಿದೆ. ನಿರ್ದೇಶಕರನ್ನೆಲ್ಲ ಒಂದೇ ಮಾತಿಗೆ ತರುವುದೆಂದರೆ ತಕ್ಕಡಿಯಲ್ಲಿ ಕಪ್ಪೆ ತೂಗಿದ ಹಾಗೆ, ಒಬ್ಬರನ್ನು ಕೂರಿಸಿದರೆ ಇನ್ನೊಬ್ಬರು ಜಿಗಿದಿರುತ್ತಾರೆ. ನನ್ನ ಮತ ಕೇಳಿದರೆ, ಮಂಡಳಿ ಅನುಮಾನಿಸಿದರೆ ಚೋರ್ಲಾ-ಕಣಕುಂಬಿಯಿಂದ ಶುರು ಮಾಡಿ. ಜಿಲ್ಲೆ ಒಂದೇ, ಅರಣ್ಯ ಇಲಾಖೆ ಒಂದೇ, ಗ್ರಾಮ ಪಂಚಾಯಿತಿ ಸದಸ್ಯರಲ್ಲಿ ನಿಮ್ಮ ಪರಿಚಯದವರು ಒಬ್ಬಿಬ್ಬರಾದರೂ ಸಿಗುತ್ತಾರೆ. ಮಂಡಳಿ ಗಟ್ಟಿಯಾಗಿದ್ದರೆ ಅಂಬೋಲಿ, ಯಾಕೆಂದರೆ ತುರ್ತು ಹೆಚ್ಚಿರುವುದು ಅಲ್ಲಿ. ಮೊದಲ ವರ್ಷವೇ ಎರಡಕ್ಕೂ ಕೈ ಹಾಕಬೇಡಿ.

ಮಾರ್ಚ್ ಮತ್ತು ಜೂನ್ ನಡುವಿನ ಗೊಂದಲ

ಇಡೀ ಕೆಲಸ ಕೆಡುವುದು ಇಲ್ಲಿ. ಕಂಪನಿಗಳಿಗೆ ಸಿಎಸ್‌ಆರ್ ನೆನಪಾಗುವುದು ಫೆಬ್ರವರಿ ಕೊನೆಗೆ. ಮಾರ್ಚ್ 31ರೊಳಗೆ ಹಣ ಮುಗಿಸಬೇಕು, ಬಿಲ್ ಬೇಕು, ಫೋಟೊ ಬೇಕು. ಆಗ ಕಪ್ಪೆ ನೆಲದಡಿಯಲ್ಲೋ ಕಲ್ಲಿನ ಸಂದಿಯಲ್ಲೋ ಸದ್ದಿಲ್ಲದೆ ಇರುತ್ತದೆ. ಮಾರ್ಚಿನಲ್ಲಿ ಖರ್ಚು ಮಾಡಲು ಸಿಗುವುದು ಬರೀ ಫಲಕ, ಟೀ-ಶರ್ಟು, ಕಾಂಕ್ರೀಟಿನ ಕಪ್ಪೆ ಪ್ರತಿಮೆ. ಕಪ್ಪೆಗೆ ಬೇಕಾದದ್ದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ರಾತ್ರಿ, ಮಳೆಯಲ್ಲಿ ನಿಲ್ಲುವ ಮನುಷ್ಯ. ಅವನ ಕೈಗೆ ಸಂಬಳ ಜೂನ್ ಮೊದಲ ವಾರಕ್ಕೆ ತಲುಪಿರಬೇಕು.

ಇದಕ್ಕೆ ಕಾನೂನಿನಲ್ಲೇ ದಾರಿಯಿದೆ. ಯೋಜನೆಯನ್ನು "ಚಾಲ್ತಿ ಯೋಜನೆ" ಎಂದು ಮಂಡಳಿ ಮೊದಲೇ ಅನುಮೋದಿಸಬೇಕು. ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷದವರೆಗೆ ಅದು ನಡೆಯಬಹುದು. ಮಾರ್ಚ್ 31ಕ್ಕೆ ಉಳಿದ ಹಣವನ್ನು 30 ದಿನದೊಳಗೆ, ಅಂದರೆ ಏಪ್ರಿಲ್ 30ರೊಳಗೆ, ಖರ್ಚಾಗದ ಸಿಎಸ್‌ಆರ್ ಹಣದ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಿ ಮೂರು ಹಣಕಾಸು ವರ್ಷಗಳಲ್ಲಿ ಬಳಸಬಹುದು. ಚಾಲ್ತಿ ಯೋಜನೆ ಎಂದು ಬರೆಸದೆ ಬಿಟ್ಟರೆ ಉಳಿದ ಹಣ ಆರು ತಿಂಗಳೊಳಗೆ ಪ್ರಧಾನ ಮಂತ್ರಿ ಪರಿಹಾರ ನಿಧಿಯಂಥ ಸರ್ಕಾರಿ ನಿಧಿಗೆ ಹೋಗುತ್ತದೆ. ಠರಾವಿನಲ್ಲಿ ಒಂದು ಸಾಲು ಬರೆದರೆ ಮುಂದಿನ ಮೂರು ಮುಂಗಾರು ಸಿಗುತ್ತವೆ, ಬರೆಯದಿದ್ದರೆ ಒಂದೂ ಇಲ್ಲ.

ನಾನು ಹೇಳುವ ಕ್ರಮ ಹೀಗೆ. ದೀಪಾವಳಿ ಮುಗಿದ ಮೇಲೆ ಪ್ರಭೇದ ಮತ್ತು ಊರು ಆರಿಸಿ. ಡಿಸೆಂಬರ್‌ನಲ್ಲಿ ಜೊತೆಗಾರ ಸಂಸ್ಥೆಯೊಂದಿಗೆ ಮಾತು. ಜನವರಿಯಲ್ಲಿ ಮಂಡಳಿ ಠರಾವು, ಅದರ ಬೆನ್ನಿಗೇ ಪರವಾನಗಿ ಅರ್ಜಿ. ಏಪ್ರಿಲ್‌ನಲ್ಲಿ ಮೊದಲ ಕಂತು. ಮೇ ತಿಂಗಳು ತರಬೇತಿಗೆ. ಮುಂಗಾರಿಗೆ ಮುಂಚಿನ ವಳಿವಿನ ಮಳೆ ಬೀಳುವ ಹೊತ್ತಿಗೆ ಹುಡುಗರ ಕೈಯಲ್ಲಿ ಟಾರ್ಚ್ ಇರಬೇಕು.

ಜೊತೆಗಾರರನ್ನು ಆರಿಸುವುದು

ಕಂಪನಿ ತಾನೇ ಕಾಡಿಗಿಳಿದು ಮಾಡುವ ಕೆಲಸ ಇದಲ್ಲ. ಜಾರಿ ಮಾಡುವ ಟ್ರಸ್ಟ್ ಅಥವಾ ಸೊಸೈಟಿಗೆ ಸಿಎಸ್‌ಆರ್-1 ನೋಂದಣಿ ಸಂಖ್ಯೆ ಇರಬೇಕು. 2021ರ ಏಪ್ರಿಲ್‌ನಿಂದ ಇದು ಕಡ್ಡಾಯ. ಎಲ್ಲರ ಬಾಯಲ್ಲಿರುವ 12ಎ, 80ಜಿ ಎಂಬ ಆದಾಯ ತೆರಿಗೆ ನೋಂದಣಿಗಳಿರಬೇಕು, ಇಂಥದೇ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ಇರಬೇಕು. ರಾಜ್ಯದ ಕಾಯ್ದೆಯಡಿ ಸ್ಥಾಪನೆಯಾದ ವಿಶ್ವವಿದ್ಯಾಲಯಗಳೂ ಜಾರಿ ಸಂಸ್ಥೆಯಾಗಬಹುದು. ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಇರುವುದರಿಂದ ಇದು ನೆನಪಿರಲಿ. ಪ್ರಭೇದ ಗುರುತಿಸುವುದರಲ್ಲಿ ಅನುಮಾನ ಬಂದರೆ ಭಾರತೀಯ ಪ್ರಾಣಿ ಸರ್ವೇಕ್ಷಣೆಯ ಪಶ್ಚಿಮ ಪ್ರಾದೇಶಿಕ ಕೇಂದ್ರ ಪುಣೆಯಲ್ಲಿದೆ.

ಕಾಗದ ಎಲ್ಲರ ಹತ್ತಿರವೂ ಚೆನ್ನಾಗಿಯೇ ಇರುತ್ತದೆ. ಆದ್ದರಿಂದ ಎದುರು ಕೂರಿಸಿ ಮೂರು ಪ್ರಶ್ನೆ ಕೇಳಿ. ಕಳೆದ ಜುಲೈನಲ್ಲಿ ನಿಮ್ಮವರು ಎಷ್ಟು ರಾತ್ರಿ ಕಾಡಿನಲ್ಲಿದ್ದರು, ಆ ದಿನಗಳ ಹಾಳೆ ತೋರಿಸಿ. ಊರಿನವರಲ್ಲಿ ಯಾರಿಗೆ ಸಂಬಳ ಕೊಡುತ್ತೀರಿ? ಹಿಂದಿನ ಯಾವ ಯೋಜನೆ ಕೈಕೊಟ್ಟಿತು, ಯಾಕೆ? ಮೂರನೆಯದಕ್ಕೆ "ಯಾವುದೂ ಇಲ್ಲ" ಎಂದು ಉತ್ತರ ಬಂದರೆ ಚಹಾ ಕುಡಿಸಿ ಕಳಿಸಿ.

ಪರವಾನಗಿ

ಭೀಮಗಡ ವನ್ಯಜೀವಿ ಧಾಮದ ಗಡಿಯೊಳಗೆ ಕೆಲಸವಿದ್ದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಅರ್ಜಿ ಹಾಕುವುದು ಸಂಸ್ಥೆ, ನೀವಲ್ಲ. ಅನುಮತಿ ಪತ್ರದ ಪ್ರತಿ ನಿಮ್ಮ ಕಡತದಲ್ಲಿರಲಿ. ಧಾಮದ ಹೊರಗೆ ಜಮೀನು ಯಾರದ್ದು ಎಂದು ಪಹಣಿ ನೋಡಿ. ಅಂಬೋಲಿ, ಚೌಕುಳ, ಗೇಳೆ ಊರುಗಳಲ್ಲಿ ಊರವರು ಹಿಂದಿನಿಂದ ಒಟ್ಟಾಗಿ ಹಿಡಿದುಕೊಂಡು ಬಂದ ಕಬುಲಾಯತದಾರ ಗಾಂವಕರ ಜಮೀನಿನ ಒಡೆತನ ಬಹುಕಾಲದ ಸಿಕ್ಕು. ಅಲ್ಲಿ ಬೇಲಿ, ಕಟ್ಟೆ, ಕಟ್ಟಡ ಎಂದು ಹೊರಟರೆ ಕಪ್ಪೆ ಬಿಟ್ಟು ಕೋರ್ಟಿಗೆ ಅಲೆಯಬೇಕಾದೀತು. ಪ್ರತಿ ಗ್ರಾಮ ಪಂಚಾಯಿತಿಗೆ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರುತ್ತದೆ, ಅದರ ಅಧ್ಯಕ್ಷರನ್ನು ಮೊದಲೇ ಕಂಡು ಮಾತಾಡಿ.

12 ಲಕ್ಷ ಹೇಗೆ ಹಂಚುವುದು

ಇದು ಮಾದರಿ ಲೆಕ್ಕ, ನಿಮ್ಮ ಊರಿಗೆ ತಕ್ಕಂತೆ ಹೊಂದಿಸಿಕೊಳ್ಳಿ. ಸ್ಥಳೀಯ ಇಬ್ಬರು ಯುವಕ ಯುವತಿಯರಿಗೆ ತಿಂಗಳಿಗೆ 18,000ದಂತೆ ವರ್ಷಕ್ಕೆ 4,32,000. ಮಳೆಗಾಲದ 60 ರಾತ್ರಿ ರಸ್ತೆ ಕಾಯಲು ನಾಲ್ವರಿಗೆ 600ರಂತೆ 1,44,000. ಧ್ವನಿ ದಾಖಲಿಸುವ ಉಪಕರಣ, ತೇವಮಾಪಕ, ಮಳೆಮಾಪಕ ಮುಂತಾದವಕ್ಕೆ 1,50,000. ಓಡಾಟ, ಇಂಧನಕ್ಕೆ 1,20,000. ವಿಜ್ಞಾನಿಗಳ ಭೇಟಿ ಮತ್ತು ದತ್ತಾಂಶ ವಿಶ್ಲೇಷಣೆಗೆ 1,50,000. ಶಾಲೆ, ಗ್ರಾಮಸಭೆ, ರೈತರೊಂದಿಗಿನ ಸಭೆಗಳಿಗೆ 80,000. ಗಮ್‌ಬೂಟು, ರೇನ್‌ಕೋಟು, ಹೆಡ್‌ಲ್ಯಾಂಪ್, ವಿಮೆಗೆ 60,000. ಉಳಿದ 64,000 ಆಪತ್ತಿಗೆ. ಮಳೆಗಾಲದಲ್ಲಿ ಬೈಕು ಕೆಡದೆ ಇರುವುದಿಲ್ಲ.

ಎರಡನೇ ವರ್ಷ ಉಪಕರಣದ ಬಾಬ್ತು ಇಳಿಯುತ್ತದೆ, ಆ ಹಣ ಸಂಬಳಕ್ಕೆ ಸೇರಿಸಿ. ಇಬ್ಬರ ಸಂಬಳ ಹನ್ನೆರಡೂ ತಿಂಗಳು ಇರಲಿ. ನಾಲ್ಕು ತಿಂಗಳ ಕೂಲಿಗೆ ಇಟ್ಟುಕೊಂಡ ಹುಡುಗ ಅಕ್ಟೋಬರ್‌ನಲ್ಲಿ ಗೋವಾಕ್ಕೆ ಹೋಟೆಲ್ ಕೆಲಸಕ್ಕೆ ಹೋದರೆ ಅವನು ಕಲಿತದ್ದೂ ಅವನ ಜೊತೆಗೇ ಹೋಗುತ್ತದೆ. ಮುಂದಿನ ಜೂನ್‌ಗೆ ನೀವು ಮತ್ತೆ ಅ ಆ ಇ ಈಯಿಂದ ಶುರು.

ಒಳ್ಳೆಯದೆಂದು ಮಾಡಿ ಕೆಡಿಸುವ ಕೆಲಸಗಳು

ಗಿಡ ನೆಡುವುದು ಎಲ್ಲ ಕಂಪನಿಗೂ ಇಷ್ಟ. ಹಾಸುಗಲ್ಲಿನ ಬಯಲು ಕಂಡರೆ "ಬಂಜರು ಬಿದ್ದದ, ಸಾವಿರ ಗಿಡ ಹಚ್ಚೋಣ" ಎನ್ನುತ್ತಾರೆ. ಅದು ಬಂಜರಲ್ಲ. ಆ ಬಯಲು ಬಯಲಾಗಿದ್ದರೆ ಮಾತ್ರ ಅಂಬೋಲಿ ನೆಲಗಪ್ಪೆಗೆ ಮರಿ ಮಾಡಲು ಜಾಗ. ಮಣ್ಣು ತಂದು ಸುರಿದು ಗಿಡ ಹಚ್ಚಿದರೆ ಗುಂಡಿಗಳು ತುಂಬಿ ಮುಗಿಯುತ್ತವೆ.

ಅದರ ತಮ್ಮನೇ ಕೃಷಿಹೊಂಡ ಮಾದರಿಯ ಕೊಳ. ಬೆರಳುದ್ದದ ನೀರು ಬೇಕಾದ ಜೀವಿಗೆ ಆರಡಿ ಕೊಳ ತೋಡಿಕೊಟ್ಟರೆ ಅಲ್ಲಿಗೆ ಬರುವುದು ಮೀನು, ಏಡಿ, ದೊಡ್ಡ ಕಪ್ಪೆ. ಎಲ್ಲವೂ ಗೊದಮೊಟ್ಟೆ ತಿನ್ನುವಂಥವು. ಸೊಳ್ಳೆಗೆಂದು ಬಿಡುವ ಗಂಬೂಸಿಯಾ ಮೀನಂತೂ ಬೇಡವೇ ಬೇಡ.

ಹಿಡಿದು ಬೇರೆಡೆ ಬಿಡುವುದು ಮೂರನೆಯದು. ರಸ್ತೆಯಲ್ಲಿ ಸಿಕ್ಕ ಕಪ್ಪೆಯನ್ನು ಅದು ಹೊರಟಿದ್ದ ದಿಕ್ಕಿಗೇ, ರಸ್ತೆಯ ಆಚೆ ಬದಿಗೆ ದಾಟಿಸಿ ಸಾಕು. ಡಬ್ಬಿಯಲ್ಲಿ ತುಂಬಿ ಹತ್ತು ಕಿಲೋಮೀಟರ್ ಒಯ್ದು ಬಿಟ್ಟರೆ ಕೈಟ್ರಿಡ್ ಎಂಬ ಚರ್ಮದ ಶಿಲೀಂಧ್ರವನ್ನೂ ಜೊತೆಗೆ ಒಯ್ದಂತಾಗಬಹುದು. ಜಗತ್ತಿನ ಹಲವೆಡೆ ಕಪ್ಪೆ ಸಂತತಿಗಳನ್ನೇ ಅಳಿಸಿದ ರೋಗಾಣು ಇದು. ಪಶ್ಚಿಮ ಘಟ್ಟದಲ್ಲೂ ದಾಖಲಾಗಿದೆ. ಬೂಟಿನ ಕೆಸರಿನಲ್ಲೂ ಇದು ಸಾಗುತ್ತದೆ. ಬೂಟು ತೊಳೆದು ಬಿಸಿಲಿಗೆ ಪೂರ್ತಿ ಒಣಗಿಸಬೇಕು ಎನ್ನುತ್ತಾರೆ, ಆದರೆ ಜುಲೈನ ಅಂಬೋಲಿಯಲ್ಲಿ ಬಿಸಿಲು ಎಲ್ಲಿಂದ ತರೋಣ? ಪ್ರತಿ ಜಾಗಕ್ಕೆ ಬೇರೆ ಜೊತೆ ಬೂಟು ಇಡುವುದೇ ಸುಲಭ. ಬೂಟಿನ ಹಿಮ್ಮಡಿಯ ಮೇಲೆ ಆಯಿಲ್ ಪೇಂಟಿನಲ್ಲಿ ಜಾಗದ ಹೆಸರು ಬರೆದು, ಆ ಊರಿನಲ್ಲೇ ಒಬ್ಬರ ಮನೆಯ ಪಡಸಾಲೆಯಲ್ಲಿ ಬಿಟ್ಟು ಬನ್ನಿ.

ಮಳೆ ತಡವಾದ ವರ್ಷ "ಕಪ್ಪಿ ಮದುವಿ ಮಾಡಿಸಿದ್ರ ಪೇಪರ್‌ನ್ಯಾಗೂ ಬರ್ತದ್ರಿ" ಎಂಬ ಸಲಹೆಯೂ ಬಂದೀತು. ನಗುತ್ತಾ ತಳ್ಳಿಹಾಕಿ.

ಕೊನೆಯದು ಸಂತಾನಾಭಿವೃದ್ಧಿ ಕೇಂದ್ರ. ಹೊಳೆಯುವ ಕಟ್ಟಡ, ಗಾಜಿನ ತೊಟ್ಟಿ, ಉದ್ಘಾಟನೆಗೆ ಮಂತ್ರಿಗಳು. ತಾಂಜಾನಿಯಾದ ಕಿಹಾನ್ಸಿ ಕಮರಿಯ ಕಥೆ ಮಂಡಳಿಗೆ ಹೇಳಿ. ಜಲಪಾತದ ತುಂತುರಿನಲ್ಲಿ ಮಾತ್ರ ಬದುಕುತ್ತಿದ್ದ ಪುಟ್ಟ ನೆಲಗಪ್ಪೆ, ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದೇ 1996ರಲ್ಲಿ. ವಿದ್ಯುತ್ ಯೋಜನೆಗೆ ನದಿಯ ಸುಮಾರು ಶೇಕಡಾ 90 ನೀರು ತಿರುಗಿತು. ತುಂತುರು ನಿಂತಿತು. ಕೃತಕ ತುಂತುರು ಹಾಯಿಸುವ ಕೊಳವೆ ಹಾಕಿದರು. 2003ರಲ್ಲಿ ಸಂತತಿ ಕುಸಿಯಿತು. 2009ರಲ್ಲಿ ಕಾಡಿನಲ್ಲಿ ಅಳಿದಿದೆ ಎಂದು ಘೋಷಣೆಯಾಯಿತು. ಮೊದಲೇ ಅಮೆರಿಕಕ್ಕೆ ಒಯ್ದಿದ್ದ 499 ಕಪ್ಪೆಗಳ ಸಂತಾನವನ್ನು ಬ್ರಾಂಕ್ಸ್, ಟೊಲೀಡೊ ಮೃಗಾಲಯಗಳು ಉಳಿಸಿಕೊಂಡಿದ್ದರಿಂದ 2012ರಲ್ಲಿ ಮತ್ತೆ ಕಮರಿಗೆ ಬಿಡಲು ಶುರುವಾಯಿತು. ಎರಡು ಖಂಡ, ಹತ್ತಾರು ತಜ್ಞರು, ಹನ್ನೆರಡು ವರ್ಷ. ಗುಂಡಿ ಇನ್ನೂ ಇರುವಾಗಲೇ ಗುಂಡಿ ಕಾಯುವುದು ಅದರ ನೂರರಲ್ಲೊಂದು ಪಾಲಿನ ಕೆಲಸ.

ಲಾರಿ ಎಷ್ಟು ಗಂಟೆಗೆ ಬಿಡುತ್ತೀರಿ?

ಒಂದು ಪೈಸೆ ಸಿಎಸ್‌ಆರ್ ಹಣ ಇಲ್ಲದೆ ಮಾಡಬಹುದಾದ, ನನ್ನ ಲೆಕ್ಕದಲ್ಲಿ ಮೇಲಿನ ಎಲ್ಲಕ್ಕಿಂತ ದೊಡ್ಡ ಕೆಲಸ ಇದು. ಕಪ್ಪೆಗಳು ರಸ್ತೆ ದಾಟುವುದು ಹೆಚ್ಚಾಗಿ ಕತ್ತಲಾದ ಮೇಲೆ, ಮಳೆ ಹನಿಯುತ್ತಿರುವಾಗ. ಆಗ ಚೋರ್ಲಾ ದಾರಿಯಲ್ಲೋ ಅಂಬೋಲಿ ಘಾಟಿನಲ್ಲೋ ಯಾರ ಗಾಡಿಗಳು ಹೋಗುತ್ತಿರುತ್ತವೆ? ಬೆಳಗಾವಿಯವೇ. ಗೋವಾಕ್ಕೆ ಮಾಲು ಒಯ್ಯುವ ಲಾರಿ, ಕಂಪನಿಯ ಟೆಂಪೊ, ಶನಿವಾರ ಸಂಜೆ ಶಿಫ್ಟ್ ಮುಗಿಸಿ ಜಲಪಾತ ನೋಡಿ, ಬಿಸಿ ಭಜಿ ತಿಂದು, ರಾತ್ರಿ ವಾಪಸಾಗುವ ನಿಮ್ಮದೇ ನೌಕರರ ಕಾರು. ಒಂದು ಕೈಯಲ್ಲಿ ಕಪ್ಪೆಗೆ 12 ಲಕ್ಷ ಕೊಟ್ಟು ಇನ್ನೊಂದು ಕೈಯಲ್ಲಿ ಅದರ ಮೇಲೆ ಗಾಡಿ ಹಾಯಿಸಿದರೆ ಏನು ಬಂತು?

ಡಿಸ್‌ಪ್ಯಾಚ್ ವಿಭಾಗದವರನ್ನು ಕರೆದು ಕೇಳಿ. ಜೂನ್, ಜುಲೈನಲ್ಲಿ ಪಶ್ಚಿಮದ ಕಡೆ ಹೋಗುವ ಮಾಲನ್ನು ಮಧ್ಯಾಹ್ನ 2ರೊಳಗೆ ಲೋಡ್ ಮಾಡಿ ಕಳಿಸಿದರೆ ಗಾಡಿ ಕತ್ತಲಾಗುವ ಮುಂಚೆ ಘಟ್ಟ ದಾಟುತ್ತದೆ. ಆಗದಿದ್ದರೆ ಮರುದಿನ ಬೆಳಕು ಹರಿದ ಮೇಲೆ ಹೊರಡಲಿ. ಸಾಗಣೆದಾರರ ಕರಾರಿನಲ್ಲಿ ಒಂದು ಷರತ್ತು ಸೇರಿಸಿ. ಮಳೆಗಾಲದ ರಾತ್ರಿ ಘಟ್ಟ ಇಳಿಯುವುದು ಚಾಲಕರಿಗೂ ಅಪಾಯವೇ ಆದ್ದರಿಂದ ಅವರಿಂದ ತಕರಾರು ಬಾರದು. ತಕರಾರು ಬರುವುದು ಮಾರ್ಕೆಟಿಂಗ್‌ನವರಿಂದ, ಅವರನ್ನು ನೀವೇ ನೋಡಿಕೊಳ್ಳಬೇಕು. ನೌಕರರ ಪಿಕ್‌ನಿಕ್ ಬಸ್ಸಿಗೂ ಇದೇ ನಿಯಮ: ಸಂಜೆ 6ಕ್ಕೆ ಘಟ್ಟ ಬಿಡಬೇಕು.

ಇನ್ನೊಂದು ಮನೆಯ ಕೆಲಸ. ಎರಕದ ಅಚ್ಚಿಗೆ ಬಳಸಿ ಬಿಟ್ಟ ಮರಳಿನಲ್ಲಿ ರಾಳದ ರಾಸಾಯನಿಕ ಉಳಿದಿರುತ್ತದೆ. ಅದನ್ನು ತಗ್ಗು ಹೊಲದಲ್ಲಿ, ನಾಲೆಯ ದಂಡೆಯಲ್ಲಿ ಸುರಿಯುವ ಗುತ್ತಿಗೆದಾರ ನಿಮ್ಮ ಬಿಲ್ಲಿನಲ್ಲೇ ಇರಬಹುದು. ಚರ್ಮದಿಂದಲೇ ನೀರು ಹೀರುವ, ಭಾಗಶಃ ಉಸಿರಾಡುವ ಜೀವಿಗೆ ಅಂಥ ನೀರು ವಿಷ. ಆ ಮರಳನ್ನು ಸರಿಯಾಗಿ ವಿಲೇವಾರಿ ಮಾಡುವುದು ನಿಮ್ಮ ವ್ಯವಹಾರದ ಖರ್ಚು. ಸಿಎಸ್‌ಆರ್ ತಲೆಬರಹದಡಿ ಹಾಕಿದರೆ ಆಡಿಟರು ಹೊಡೆದುಹಾಕುತ್ತಾರೆ, ಹಾಕಲೂ ಬೇಕು.

ಎಣಿಕೆ

"5,000 ಕಪ್ಪೆ ಉಳಿಸಿದೆವು" ಎಂದು ವಾರ್ಷಿಕ ವರದಿಯಲ್ಲಿ ಬರೆಯಬೇಡಿ. ಅದನ್ನು ಯಾರೂ ಎಣಿಸಿರಲಾರರು. ಕೇಳಬೇಕಾದ ಅಂಕಿಗಳು ಬೇರೆ. ಗುರುತು ಮಾಡಿದ ಗುಂಡಿಗಳಲ್ಲಿ ಎಷ್ಟರಲ್ಲಿ ಮೊಟ್ಟೆ ಕಂಡಿತು, ಎಷ್ಟರಲ್ಲಿ ಮರಿ ಕಾಲು ಮೂಡಿ ಹೊರಬಂತು. ಗಂಡುಗಳ ಕೂಗು ಎಷ್ಟು ರಾತ್ರಿ ದಾಖಲಾಯಿತು. ಒಂದೇ ರಸ್ತೆಯ ಅದೇ ತುಣುಕಿನಲ್ಲಿ, ಅದೇ ಹೊತ್ತಿನಲ್ಲಿ ನಡೆದಾಗ ಕಿಲೋಮೀಟರಿಗೆ ಎಷ್ಟು ಸತ್ತ ಕಪ್ಪೆ. ಇವು ಕೂಡ ನಡೆದ ದೂರ, ಕಳೆದ ಗಂಟೆ, ಆ ದಿನದ ಮಳೆ ಜೊತೆಗಿದ್ದರೆ ಮಾತ್ರ ಅರ್ಥ ಕೊಡುತ್ತವೆ. ಮೊದಲ ವರ್ಷ ಹತ್ತು ರಾತ್ರಿ ನಡೆದು 40, ಎರಡನೇ ವರ್ಷ ಮೂವತ್ತು ರಾತ್ರಿ ನಡೆದು 60 ಕಂಡರೆ ಸಾವು ಹೆಚ್ಚಾಗಿಲ್ಲ, ರಾತ್ರಿಗೆ ನಾಲ್ಕಿದ್ದದ್ದು ಎರಡಕ್ಕೆ ಇಳಿದಿದೆ. ಎಷ್ಟೋ ಮಂಡಳಿ ಸಭೆಗಳಲ್ಲಿ ಈ ಭಾಗಾಕಾರ ಮಾಡದೆಯೇ ಯೋಜನೆ ನಿಲ್ಲಿಸುವ ಮಾತು ಬರುತ್ತದೆ.

ಸಿಸಿಲಿಯನ್‌ಗೆ ಈ ಎಣಿಕೆ ನಡೆಯದು. ಕೂಗುವುದಿಲ್ಲ, ಕಾಣುವುದೂ ಅಪರೂಪ. ಅಲ್ಲಿ ಅಳೆಯಬೇಕಾದದ್ದು ಮನುಷ್ಯರನ್ನು: ಹೊಲದಲ್ಲಿ ಸಿಕ್ಕಾಗ ಕೊಲ್ಲದೆ ಬಿಟ್ಟು ಫೋನ್ ಮಾಡಿದ ರೈತರೆಷ್ಟು, ಗೊಬ್ಬರದ ಗುಂಡಿ, ತೋಟದ ತರಗು ಹಾಗೇ ಬಿಟ್ಟವರೆಷ್ಟು. ಕಣಕುಂಬಿ ಕಡೆ ಮರಾಠಿ, ಕೊಂಕಣಿ ಮಾತಾಡುವ ಮನೆಗಳೇ ಹೆಚ್ಚು. ಕನ್ನಡದ ಜೊತೆ ಆ ಭಾಷೆಗಳಲ್ಲೂ ಚಿತ್ರವಿರುವ ಹಾಳೆ ಮಾಡಿಸಿ.

ಫೋಟೊ, ಫಲಕ, ಪ್ರಚಾರ

ಗುಂಡಿಗಳ ನಿಖರ ಜಾಗ ಎಲ್ಲೂ ಹಾಕಬೇಡಿ. ಅಪರೂಪದ್ದು ಎಂದು ಗೊತ್ತಾದ ಮರುವಾರವೇ ಕ್ಯಾಮೆರಾ ಹಿಡಿದವರ ಗುಂಪು ಬರುತ್ತದೆ, ಚೆಂದದ ಎಲೆಯ ಮೇಲೆ ಎತ್ತಿಟ್ಟು ಫೋಟೊ ತೆಗೆಯುತ್ತದೆ. ನಿಮ್ಮ ನಿರ್ದೇಶಕರೂ ನೋಡಬೇಕೆಂದರೆ ಸಂತಾನದ ಕಾಲ ಮುಗಿದ ಮೇಲೆ ನಾಲ್ಕೈದು ಜನ ಹೋಗಿ ಬರಲಿ. ಉತ್ಪನ್ನದ ಜಾಹೀರಾತಿಗಾಗಿ ಪ್ರಾಯೋಜಿಸಿದ ಕೆಲಸ ಸಿಎಸ್‌ಆರ್ ಆಗದು ಎಂಬ ನಿಯಮವೂ ಇದೆ. ರೇನ್‌ಕೋಟಿನ ಬೆನ್ನಿಗೆ ಸಣ್ಣ ಲೋಗೊ ಸಾಕು.

ಒಪ್ಪಂದ, ಮತ್ತು ಬಿಟ್ಟು ಹೊರಡುವಾಗ

ಒಪ್ಪಂದದಲ್ಲಿ ದತ್ತಾಂಶ ಯಾರದ್ದು ಎಂದು ಬರೆಸಿ. ಕಣಕುಂಬಿ ಭಾಗದಲ್ಲಿ ಇದು ಇನ್ನೂ ಮುಖ್ಯ. ಕಳಸಾ-ಬಂಡೂರಿ ನಾಲೆಗಳ ನೆಲ ಅದು, ಮಲಪ್ರಭೆ ಹುಟ್ಟುವ ಊರು. ಅಲ್ಲಿ ಯಾವ ಜೀವಿ ಎಲ್ಲಿದೆ ಎಂಬ ಪಟ್ಟಿಯನ್ನು ನಾಳೆ ಯಾವ ಪಕ್ಷವಾದರೂ ತನ್ನ ವಾದಕ್ಕೆ ಬಳಸೀತು. ದತ್ತಾಂಶ ಸಂಸ್ಥೆಯದ್ದು, ಅದನ್ನು ತಡೆಹಿಡಿಯುವ ಅಥವಾ ತಿದ್ದುವ ಹಕ್ಕು ಕಂಪನಿಗಿಲ್ಲ, ಅರಣ್ಯ ಇಲಾಖೆಗೆ ವರ್ಷಕ್ಕೊಮ್ಮೆ ಪ್ರತಿ ಕೊಡಬೇಕು ಎಂದು ಬರೆದುಬಿಟ್ಟರೆ ನೀವೂ ನಿರಾಳ, ಅವರೂ ನಿರಾಳ. ಹಣ ಮಂಡಳಿ ಒಪ್ಪಿದಂತೆಯೇ ಬಳಕೆಯಾಗಿದೆ ಎಂಬ ಪ್ರಮಾಣಪತ್ರಕ್ಕೆ ನಿಮ್ಮ ಹಣಕಾಸು ಮುಖ್ಯಸ್ಥರು ಸಹಿ ಹಾಕಬೇಕಾಗುವುದರಿಂದ ಅಕ್ಟೋಬರ್ ಮತ್ತು ಮಾರ್ಚ್‌ನಲ್ಲಿ ಬಳಕೆ ಲೆಕ್ಕ ತರಿಸಿಕೊಳ್ಳಿ. ಕೊನೆಯ ಕಂತನ್ನು ಅದಕ್ಕೆ ಕಟ್ಟಿಹಾಕಿ, ಹುಡುಗರ ಸಂಬಳದ ಕಂತನ್ನು ಮಾತ್ರ ಯಾವುದಕ್ಕೂ ಕಟ್ಟಿಹಾಕಬೇಡಿ.

ಒಂದು ದಿನ ನೀವು ಈ ಕೆಲಸ ಬಿಡುತ್ತೀರಿ. ಲಾಭ ಇಳಿಯಬಹುದು, ಹೊಸ ನಿರ್ದೇಶಕರಿಗೆ ಬೇರೆ ಆಸಕ್ತಿ ಇರಬಹುದು. ಬಿಡುವ ತೀರ್ಮಾನವನ್ನು ಸೆಪ್ಟೆಂಬರ್‌ನಲ್ಲೇ ತಿಳಿಸಿ, ಆಗ ಸಂಸ್ಥೆಗೆ ಮುಂದಿನ ಮುಂಗಾರಿನೊಳಗೆ ಬೇರೆ ಕೈ ಹುಡುಕಲು ಎಂಟು ತಿಂಗಳು ಸಿಗುತ್ತದೆ. ಉಪಕರಣಗಳು ಕಂಪನಿಯ ಹೆಸರಿನಲ್ಲಿ ಉಳಿಯುವಂತಿಲ್ಲ. ಸಿಎಸ್‌ಆರ್ ಹಣದಲ್ಲಿ ಕೊಂಡ ಆಸ್ತಿಯನ್ನು ನೋಂದಾಯಿತ ಸಂಸ್ಥೆ, ಫಲಾನುಭವಿಗಳ ಗುಂಪು ಅಥವಾ ಸಾರ್ವಜನಿಕ ಪ್ರಾಧಿಕಾರದ ಹೆಸರಿನಲ್ಲೇ ಇಡಬೇಕು. ಧ್ವನಿಮುದ್ರಕ, ಮಳೆಮಾಪಕ, ಹೆಡ್‌ಲ್ಯಾಂಪ್, ಬೂಟು ಎಲ್ಲದರ ಪಟ್ಟಿ ಮಾಡಿ, ಸಂಸ್ಥೆಯ ಮತ್ತು ಪಂಚಾಯಿತಿಯ ಸಹಿ ಹಾಕಿಸಿ, ಒಂದು ಪ್ರತಿಯನ್ನು ಡಿಸ್‌ಪ್ಯಾಚ್ ವಿಭಾಗಕ್ಕೂ ಕೊಡಿ. ಹಣ ನಿಂತರೂ ಲಾರಿ ಹೊರಡುವ ಹೊತ್ತಿನ ನಿಯಮ ನಿಲ್ಲಿಸಬೇಕಿಲ್ಲ ಎಂದು ಆ ಪ್ರತಿಯ ಕೆಳಗೇ ಬರೆದಿರಿ.